ನಿಮಗಿದು ಗೊತ್ತೆ? ಕಳ್ಳ ಡಿಸ್ಕ್ ಕನ್ಸೋಲನ್ನು ಮುಳುಗಿಸುತ್ತದೆಯೇ?

ಗಂಗಾವತಿ ಬಳಿಯ ಅಂಜನಾದ್ರಿಯನ್ನು ಹನುಮನ ಜನ್ಮಸ್ಥಳವೆಂದು ಭಕ್ತರು ನಂಬುತ್ತಾರೆ. ಆ ಹನುಮ 2009ರಲ್ಲಿ ಪ್ಲೇಸ್ಟೇಷನ್ 2 ಎಂಬ ಗೇಮ್ ಕನ್ಸೋಲಿಗೂ ಬಂದ. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ರೂಪಿಸಿದ ‘ಹನುಮಾನ್: ಬಾಯ್ ವಾರಿಯರ್’, ಪೂರ್ತಿಯಾಗಿ ಭಾರತದಲ್ಲೇ ತಯಾರಾದ ಮೊದಲ ಪ್ಲೇಸ್ಟೇಷನ್ 2 ಗೇಮ್.

ಒಳಗೊಂದು ಮಾಡ್‌ಚಿಪ್ (ನಕಲು ತಡೆಯನ್ನು ದಾಟಿಸುವ ಚಿಪ್ಪು) ಬೆಸುಗೆ ಹಾಕಿಸಿದರೆ ಸಾಕು, ಈ ಕನ್ಸೋಲಿನಲ್ಲಿ ನಕಲಿ ಡಿಸ್ಕ್ ಸಲೀಸಾಗಿ ಓಡುತ್ತಿತ್ತು. ಆದರೂ ಕನ್ಸೋಲ್ 15 ಕೋಟಿಗೂ ಹೆಚ್ಚು ಮಾರಾಟವಾಯಿತು! ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಕನ್ಸೋಲಿನಲ್ಲಿ 2000ರಿಂದ ಚಿಪ್ಪಿನ ಹಂಗೂ ಇಲ್ಲದೆ ನಕಲಿ ಸಿ.ಡಿ. ಓಡಿತು; 2001ರಲ್ಲಿ ಅದರ ತಯಾರಿಕೆಯೇ ನಿಂತಿತು. ಹಾಗೆಂದು ಪೈರಸಿಯೊಂದನ್ನೇ ದೂರುವುದು ಅನ್ಯಾಯ. ಸೆಗಾ ಮೊದಲೇ ನಷ್ಟದಲ್ಲಿತ್ತು, ಇಎ ಕಂಪನಿ ಆಟಗಳನ್ನೇ ಕೊಡಲಿಲ್ಲ, ಎದುರಾಳಿ ಪ್ಲೇಸ್ಟೇಷನ್ 2ರಲ್ಲಿ ಡಿವಿಡಿ ಸಿನಿಮಾವನ್ನೂ ನೋಡಬಹುದಿತ್ತು. ಕನ್ಸೋಲ್ ಮುಳುಗದಿದ್ದರೂ, ನಕಲಿ ಡಿಸ್ಕಿನಿಂದ ಬಿಡಿಗಾಸೂ ಸಿಗದೆ ಸೊರಗುವವರು ಆಟ ರೂಪಿಸಿದವರು.