ಹೆರಿಗೆಯ ಜೊತೆಗಾತಿ ಡೌಲಾ

ಹೆರಿಗೆಗೆ ಮುಂಚಿನ ವಾರಗಳಲ್ಲಿ, ನೋವು ತಿನ್ನುವ ಹೊತ್ತಿನಲ್ಲಿ ಮತ್ತು ಮಗು ಹುಟ್ಟಿದ ಮೇಲಿನ ಮೊದಲ ದಿನಗಳಲ್ಲಿ ತಾಯಿಗೂ ಅವಳ ಮನೆಯವರಿಗೂ ಜೊತೆಯಾಗಿ ನಿಲ್ಲಲು ತರಬೇತಿ ಪಡೆದ ಸಹಾಯಕಿಯೇ ಡೌಲಾ. ಆಕೆ ವೈದ್ಯೆಯಲ್ಲ, ನರ್ಸ್ ಅಲ್ಲ, ಸೂಲಗಿತ್ತಿಯೂ ಅಲ್ಲ. ಒಳಪರೀಕ್ಷೆ ಮಾಡುವುದು, ರಕ್ತದೊತ್ತಡ ನೋಡುವುದು, ಮಗುವಿನ ಎದೆಬಡಿತ ಕೇಳುವುದು, ಔಷಧ ಕೊಡುವುದು ಇವು ಯಾವುವೂ ಆಕೆಯ ಪಾಲಿನವಲ್ಲ. ನೋವು ಜೋರಾದಾಗಿನಿಂದ ಮಗು ತಾಯಿಯ ಎದೆಗೆ ಬರುವ ತನಕ ಪಕ್ಕ ಬಿಟ್ಟು ಕದಲದೆ ಇರುವುದು ಅವಳ ಮುಖ್ಯ ಕೆಲಸ. ಪಾಳಿ ಮುಗಿದಾಗ ನರ್ಸ್ ಬದಲಾಗುತ್ತಾರೆ, ವೈದ್ಯರು ಹಲವು ಹಾಸಿಗೆಗಳ ನಡುವೆ ಓಡಾಡುತ್ತಾರೆ. ಡೌಲಾ ಒಬ್ಬಳೇ ತಾಯಿಯ ಬಳಿ ಉಳಿಯುತ್ತಾಳೆ. ಹೀಗೆ ಬಿಡದೆ ಸಿಗುವ ಜೊತೆ ಹೆರಿಗೆಯ ಫಲವನ್ನೇ ಅಳೆದು ತೋರಿಸಬಹುದಾದಷ್ಟು ಬದಲಿಸುತ್ತದೆ ಎಂಬುದನ್ನು ನಾಲ್ಕು ದಶಕಗಳ ಸಂಶೋಧನೆ ತೋರಿಸಿಕೊಟ್ಟಿದೆ.

ಕಳೆದುಹೋದ ಜೊತೆ

ಜಗತ್ತಿನ ಬಹುಪಾಲು ಸಮಾಜಗಳಲ್ಲಿ ಹೆರಿಗೆ ಹೆಂಗಸರ ನಡುವೆಯೇ ನಡೆಯುತ್ತಿತ್ತು. ಕರ್ನಾಟಕದ ಹಳ್ಳಿಗಳಲ್ಲಿ ಸೂಲಗಿತ್ತಿ ಮಗುವನ್ನು ಕೈಗೆತ್ತಿಕೊಳ್ಳುವುದರ ಜೊತೆಗೆ ಸೊಂಟ ನೀವುತ್ತಿದ್ದಳು, ಬಿಸಿನೀರು ಕುಡಿಸುತ್ತಿದ್ದಳು, ಧೈರ್ಯ ಹೇಳುತ್ತಿದ್ದಳು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಹೀಗೆ 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಅಂಥವರ ಕೈಯಲ್ಲಿ ಹೆರಿಗೆ ಮಾಡಿಸುವುದು ಮತ್ತು ಬಸುರಿಯ ಜೊತೆಗಿರುವುದು ಬೇರೆ ಬೇರೆ ಕೆಲಸಗಳಾಗಿರಲಿಲ್ಲ.

ಹೆರಿಗೆ ಆಸ್ಪತ್ರೆಗೆ ಬಂದಾಗ ತಾಯಿ ಮತ್ತು ಶಿಶುಗಳ ಸಾವು ಬಹಳವಾಗಿ ಇಳಿಯಿತು. ರಕ್ತಸ್ರಾವ, ನಂಜು, ಅಡ್ಡಬಿದ್ದ ಮಗು ಇವುಗಳಿಗೆ ಮನೆಯಲ್ಲಿ ಇಲ್ಲದ ಚಿಕಿತ್ಸೆ ಅಲ್ಲಿ ದೊರೆಯಿತು. ಆದರೆ ಆಸ್ಪತ್ರೆ ಈ ಎರಡು ಕೆಲಸಗಳಲ್ಲಿ ಒಂದನ್ನು ಮಾತ್ರ ವಹಿಸಿಕೊಂಡಿತು. ಹೆರಿಗೆ ಮಾಡಿಸುವುದು ವೈದ್ಯರ ಪಾಲಿಗೆ ಬಂತು; ಜೊತೆಗಿರುವುದು ಯಾರ ಪಾಲಿಗೂ ಬರಲಿಲ್ಲ. ತಾಯಿ, ಅತ್ತೆ, ಗಂಡ ಎಲ್ಲರೂ ಲೇಬರ್ ವಾರ್ಡಿನ ಬಾಗಿಲ ಹೊರಗೆ ಉಳಿದರು.

ಈ ಕೊರತೆಯನ್ನು ಮೊದಲು ಗುರುತಿಸಿದವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಾಫೆಲ್ ಒಬ್ಬರು. ಎದೆಹಾಲು ಉಣಿಸುವಿಕೆಯ ಬಗ್ಗೆ 1973ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಹೊಸ ತಾಯಿಯನ್ನು ನೋಡಿಕೊಳ್ಳುವ ಅನುಭವಿ ಹೆಂಗಸನ್ನು ಅವರು ಡೌಲಾ ಎಂದು ಕರೆದರು. ಆ ಮಾತನ್ನು ಹೆರಿಗೆ ಕೋಣೆಗೆ ತಂದವರು ಮಕ್ಕಳ ತಜ್ಞರಾದ ಮಾರ್ಷಲ್ ಕ್ಲಾಸ್ ಮತ್ತು ಜಾನ್ ಕೆನೆಲ್. ಇವರಿಬ್ಬರೂ ಹೆರಿಗೆ ಶಿಕ್ಷಕಿ ಪೆನ್ನಿ ಸಿಮ್ಕಿನ್ ಮೊದಲಾದವರ ಜೊತೆಗೂಡಿ 1992ರಲ್ಲಿ ಡೌಲಾಗಳ ತರಬೇತಿ ಮತ್ತು ಪ್ರಮಾಣಪತ್ರಕ್ಕಾಗಿ ಡೋನಾ ಎಂಬ ಸಂಸ್ಥೆಯನ್ನು ಕಟ್ಟಿದರು.

ಭಯ ಮತ್ತು ನೋವಿನ ನಂಟು

ಪಕ್ಕದಲ್ಲಿ ಒಬ್ಬರು ಇರುವುದರಿಂದ ಹೆರಿಗೆ ಹೇಗೆ ಸುಗಮವಾಗುತ್ತದೆ ಎಂಬುದಕ್ಕೆ ಉತ್ತರ ಹಾರ್ಮೋನುಗಳಲ್ಲಿದೆ. ಮೆದುಳಿನ ತಳಭಾಗದ ಪಿಟ್ಯುಟರಿ ಗ್ರಂಥಿಯಿಂದ ಬಿಡುಗಡೆಯಾಗುವ ಆಕ್ಸಿಟೋಸಿನ್ ಗರ್ಭಕೋಶ ಬಿಗಿಯುವಂತೆ ಮಾಡುತ್ತದೆ. ಪ್ರತಿ ಬಿಗಿತವೂ ಗರ್ಭಕೋಶದ ಬಾಯನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾ, ಕೊನೆಗೆ ಮಗುವಿನ ತಲೆ ದಾಟುವಂತೆ 10 ಸೆಂಟಿಮೀಟರಿನಷ್ಟು ಅಗಲಿಸುತ್ತದೆ. ನೆಮ್ಮದಿ, ಮಬ್ಬು ಬೆಳಕು, ನಂಬಿಕೆಯ ಸ್ಪರ್ಶ ಇದ್ದಾಗ ಆಕ್ಸಿಟೋಸಿನ್ ಸಲೀಸಾಗಿ ಹರಿಯುತ್ತದೆ.

ಹೆದರಿಕೆಯಾದಾಗ ಅಡ್ರಿನಲಿನ್ ಏರುತ್ತದೆ. ಅದು ಗರ್ಭಕೋಶದ ಬಿಗಿತವನ್ನು ಸಡಿಲಗೊಳಿಸುತ್ತದೆ, ರಕ್ತವನ್ನು ಕೈಕಾಲುಗಳ ಸ್ನಾಯುಗಳತ್ತ ತಿರುಗಿಸುತ್ತದೆ. ನೋವು ಇದ್ದೂ ಹೆರಿಗೆ ಮುಂದುವರಿಯದ ಸ್ಥಿತಿಗೆ ಇದು ಒಂದು ಕಾರಣವಾಗಬಲ್ಲದು. ಭಯದಿಂದ ಮೈ ಬಿಗಿಯುತ್ತದೆ, ಮೈ ಬಿಗಿದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಭಯ ಮತ್ತೆ ಬೆಳೆಯುತ್ತದೆ. ಈ ಸುತ್ತನ್ನು ಬ್ರಿಟಿಷ್ ಪ್ರಸೂತಿ ವೈದ್ಯ ಗ್ರ್ಯಾಂಟ್ಲಿ ಡಿಕ್ ರೀಡ್ 20ನೇ ಶತಮಾನದ ಮೊದಲರ್ಧದಲ್ಲೇ ವಿವರಿಸಿದ್ದರು.

ಸ್ಪರ್ಶದ ಪರಿಣಾಮಕ್ಕೆ ಇನ್ನೊಂದು ವಿವರಣೆಯೂ ಉಂಟು. 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ಸಿದ್ಧಾಂತದ ಪ್ರಕಾರ ನೋವಿನ ಸಂದೇಶ ಮೆದುಳನ್ನು ಮುಟ್ಟುವ ಮೊದಲು ಬೆನ್ನುಹುರಿಯಲ್ಲಿ ಒಂದು ತಡೆಯನ್ನು ದಾಟಬೇಕು. ಒತ್ತುವುದು, ನೀವುವುದು, ಬಿಸಿ ತಾಕಿಸುವುದು ಇವುಗಳ ಸಂವೇದನೆಯೂ ಅದೇ ಹೊತ್ತಿಗೆ ಅಲ್ಲಿಗೆ ಬಂದರೆ ಮೇಲೆ ಹೋಗುವ ನೋವಿನ ಸಂದೇಶ ಕಡಿಮೆಯಾಗುತ್ತದೆ. ಹಳೆಯ ಕಾಲದ ಸೊಂಟ ನೀವುವ ಪದ್ಧತಿಗೆ ಹೀಗೆ ಶರೀರಶಾಸ್ತ್ರದ ಬೆಂಬಲವಿದೆ.

ನೋವು ಬರುವ ಮೊದಲು

ಡೌಲಾಳ ಕೆಲಸ ಸಾಮಾನ್ಯವಾಗಿ ಏಳು, ಎಂಟನೇ ತಿಂಗಳಲ್ಲಿ ಆರಂಭವಾಗುತ್ತದೆ. ಮನೆಗೆ ಬಂದು ದಂಪತಿಗಳ ಜೊತೆ ಕುಳಿತು ಅವರ ಆಸೆ, ಅಂಜಿಕೆಗಳನ್ನು ಕೇಳಿಸಿಕೊಳ್ಳುತ್ತಾಳೆ. ಮೊದಲ ಹೆರಿಗೆಯಲ್ಲಿ ಕಷ್ಟವಾಗಿದ್ದರೆ ಅದರ ನೆನಪು ಈ ಮಾತುಕತೆಯಲ್ಲಿ ಹೊರಬರುತ್ತದೆ. ಸುಳ್ಳು ನೋವಿಗೂ ನಿಜವಾದ ನೋವಿಗೂ ಇರುವ ವ್ಯತ್ಯಾಸ, ಉಸಿರಾಟದ ಕ್ರಮ, ನೋವಿನ ವೇಳೆ ಕೂರುವ ನಿಲ್ಲುವ ಭಂಗಿಗಳು, ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅಥವಾ ಸಿಸೇರಿಯನ್ ಬೇಕಾದರೆ ಏನೇನು ನಡೆಯುತ್ತದೆ ಎಂಬುದನ್ನು ಇಬ್ಬರಿಗೂ ತಿಳಿಸುತ್ತಾಳೆ. ತಾಯಿಯ ಇಷ್ಟಗಳನ್ನು ಒಂದು ಪುಟದಲ್ಲಿ ಬರೆದು ವೈದ್ಯರ ಜೊತೆ ಮೊದಲೇ ಚರ್ಚಿಸಲು ನೆರವಾಗುತ್ತಾಳೆ.

ಇದೇ ಹೊತ್ತಿನಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳನ್ನೂ ಮನದಟ್ಟು ಮಾಡಿಸಲಾಗುತ್ತದೆ: ರಕ್ತಸ್ರಾವ, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಕಣ್ಣು ಮಂಜಾಗುವುದರ ಜೊತೆಗೆ ವಿಪರೀತ ತಲೆನೋವು, ನೀರುಚೀಲ ಒಡೆದು ಹಸಿರು ಬಣ್ಣದ ನೀರು ಹೋಗುವುದು.

ಹೆರಿಗೆ ಕೋಣೆಯಲ್ಲಿ

ಮೊದಲ ಹೆರಿಗೆಯಲ್ಲಿ ನೋವಿನ ಆರಂಭದ ಘಟ್ಟ ಹಲವು ಗಂಟೆ ಎಳೆಯಬಹುದು. ಬಸುರಿ ಆರೋಗ್ಯವಾಗಿದ್ದು, ವೈದ್ಯರು ಒಪ್ಪಿದ್ದರೆ ಈ ಹೊತ್ತನ್ನು ಮನೆಯಲ್ಲೇ ಕಳೆಯಲು ಡೌಲಾ ಜೊತೆಗಿರುತ್ತಾಳೆ. ಸ್ವಲ್ಪ ಊಟ, ಸ್ವಲ್ಪ ನಿದ್ದೆ, ಬಿಸಿನೀರ ಸ್ನಾನ, ನಿಧಾನದ ನಡಿಗೆ ಇವು ಮುಂದಿನ ಘಟ್ಟಕ್ಕೆ ಬೇಕಾದ ಕಸುವನ್ನು ಉಳಿಸುತ್ತವೆ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಹೆರಿಗೆ ತೀವ್ರ ಘಟ್ಟಕ್ಕೆ ಬಂತೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಲ್ಲಿಂದ ನೋವುಗಳ ನಡುವಿನ ಬಿಡುವು ಕಡಿಮೆಯಾಗುತ್ತಾ ಹೋಗುತ್ತದೆ.

ಈ ಘಟ್ಟದಲ್ಲಿ ಡೌಲಾಳ ಕೈಗಳಿಗೆ ಹೆಚ್ಚು ಕೆಲಸ. ಮಗುವಿನ ಮುಖ ತಾಯಿಯ ಹೊಟ್ಟೆಯ ಕಡೆಗಿದ್ದರೆ ಅದರ ಹಿಂದಲೆ ತಾಯಿಯ ಬೆನ್ನಿನ ಕೆಳಗಿನ ಎಲುಬನ್ನು ಒತ್ತುತ್ತದೆ. ಆಗ ನೋವೆಲ್ಲ ಸೊಂಟದಲ್ಲೇ ನಿಂತಂತಾಗುತ್ತದೆ. ನೋವು ಏರಲು ಶುರುವಾದ ಕೂಡಲೇ ಡೌಲಾ ಅಂಗೈಯ ಬುಡವನ್ನು ಸೊಂಟದ ಕೆಳಗಿನ ಚಪ್ಪಟೆ ಮೂಳೆಯ ಮೇಲಿಟ್ಟು, ತನ್ನ ಮೈಭಾರ ಹಾಕಿ ಒತ್ತಿ ಹಿಡಿಯುತ್ತಾಳೆ. ನೋವು ಇಳಿಯುವವರೆಗೆ ಒತ್ತು ಸಡಿಲಿಸುವುದಿಲ್ಲ. ಅದು ಸಾಲದಿದ್ದರೆ ಎರಡೂ ಅಂಗೈಗಳನ್ನು ತಾಯಿಯ ಪೃಷ್ಠದ ಎರಡು ಬದಿಗಿಟ್ಟು ಒಳಕ್ಕೂ ಮೇಲಕ್ಕೂ ಅದುಮುತ್ತಾಳೆ. ತಾಯಿ ಅಂಗೈ ಮತ್ತು ಮಂಡಿಯೂರಿ ನಿಂತರೆ ಮಗುವಿನ ಭಾರ ಬೆನ್ನಿನಿಂದ ಕೆಳಗಿಳಿದು ತಲೆ ತಿರುಗಲು ಜಾಗ ಸಿಗುತ್ತದೆ. ಮಲಗಿದ್ದವರಿಗಿಂತ ನಿಂತು, ನಡೆದು, ಕೂತು ನೋವು ಕಳೆದವರಲ್ಲಿ ಗರ್ಭಕೋಶದ ಬಾಯಿ ಪೂರ್ತಿ ತೆರೆಯುವವರೆಗಿನ ಮೊದಲ ಹಂತ ಸರಾಸರಿ ಒಂದು ಗಂಟೆಗಿಂತ ಹೆಚ್ಚು ಚಿಕ್ಕದಾಗುತ್ತದೆ ಎಂದು ಕಾಕ್ರೇನ್ ಸಂಸ್ಥೆಯ ಸಂಶೋಧನಾ ವಿಮರ್ಶೆ ಕಂಡುಕೊಂಡಿದೆ.

ಬಾಯಿ ಪೂರ್ತಿ ತೆರೆಯುವ ಮುಂಚಿನ ಹೊತ್ತು ಅತ್ಯಂತ ಕಠಿಣವಾದದ್ದು. ಮೈ ನಡುಗುತ್ತದೆ, ವಾಂತಿ ಬರುತ್ತದೆ, ನನ್ನಿಂದ ಆಗುವುದಿಲ್ಲ ಎಂಬ ಮಾತು ಬಾಯಿಗೆ ಬರುತ್ತದೆ. ಆಗ ಉದ್ದದ ಉಪದೇಶ ತಾಯಿಯ ಕಿವಿಗೆ ಹೋಗುವುದಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು, “ಈ ನೋವು ಇಳೀತಾ ಇದೆ, ಉಸಿರು ಬಿಡಮ್ಮಾ” ಎಂಬಂಥ ಎರಡು ಮಾತು, ಹಣೆಗೆ ಒದ್ದೆ ಬಟ್ಟೆ, ಒಂದು ಗುಟುಕು ನೀರು ಇಷ್ಟೇ ಆಗ ಬೇಕಾದದ್ದು. ಮುಕ್ಕುವ ಹಂತದಲ್ಲಿ ನರ್ಸ್ ಮತ್ತು ವೈದ್ಯರ ಸೂಚನೆಯಂತೆ ತಾಯಿ ಮೈ ಹಿಡಿದುಕೊಳ್ಳಲು, ನೋವುಗಳ ನಡುವೆ ದಣಿವಾರಿಸಿಕೊಳ್ಳಲು ಡೌಲಾ ನೆರವಾಗುತ್ತಾಳೆ.

ಚಿಕಿತ್ಸೆಯ ವಿಷಯದಲ್ಲಿ ತೀರ್ಮಾನ ಬೇಕಾದಾಗ ಅವಳ ಪಾತ್ರ ಸೂಕ್ಷ್ಮವಾದದ್ದು. ನೋವು ಹೆಚ್ಚಿಸುವ ಡ್ರಿಪ್ ಹಾಕೋಣವೆಂದು ವೈದ್ಯರು ಹೇಳಿದರೆ, ತುರ್ತು ಇಲ್ಲದಿದ್ದಾಗ, ದಂಪತಿಗಳು ನಾಲ್ಕು ಪ್ರಶ್ನೆ ಕೇಳಬಹುದೆಂದು ಅವಳು ನೆನಪಿಸುತ್ತಾಳೆ: ಇದರಿಂದ ಲಾಭವೇನು, ಅಪಾಯವೇನು, ಬೇರೆ ದಾರಿ ಇದೆಯೇ, ಸ್ವಲ್ಪ ಹೊತ್ತು ಕಾದರೆ ಏನಾಗುತ್ತದೆ? ಉತ್ತರ ಕೊಡುವವರು ವೈದ್ಯರು, ನಿರ್ಧರಿಸುವವಳು ತಾಯಿ. ಎಪಿಡ್ಯೂರಲ್ ಬೇಕೆಂದರೆ ಅದನ್ನೂ, ಸಿಸೇರಿಯನ್ ಅಗತ್ಯವಾದರೆ ಅದನ್ನೂ ಡೌಲಾ ಸಮನಾಗಿ ಬೆಂಬಲಿಸಬೇಕು. ಆಪರೇಷನ್ ಆದ ತಾಯಿ ಸೋತವಳಲ್ಲ. ಅವಳಿಗೆ ಜೊತೆ ಇನ್ನೂ ಹೆಚ್ಚು ಬೇಕು.

ಮನೆಯವರ ಪಾಲು

ಡೌಲಾ ಬಂದರೆ ಗಂಡನಿಗೋ ತಾಯಿಗೋ ಕೆಲಸವಿಲ್ಲದಂತಾಗುತ್ತದೆ ಎಂಬ ಅನುಮಾನ ಸಹಜ. ನಡೆಯುವುದು ಇದಕ್ಕೆ ವಿರುದ್ಧ. ಹೆಂಡತಿಯ ನರಳಾಟ ನೋಡಿ ಕಂಗೆಟ್ಟ ಗಂಡನಿಗೆ ಎಲ್ಲಿ ಒತ್ತಬೇಕು, ಯಾವಾಗ ಸುಮ್ಮನಿರಬೇಕು ಎಂದು ತೋರಿಸಿಕೊಡುವವಳು ಅವಳೇ. ಯಾವ ನರಳಾಟ ಸಹಜ ಎಂಬುದು ತಿಳಿದಾಗ ಅವನ ಗಾಬರಿ ಇಳಿಯುತ್ತದೆ. ಅವನು ಊಟಕ್ಕೋ ಒಂದಿಷ್ಟು ವಿಶ್ರಾಂತಿಗೋ ಹೋದರೂ ತಾಯಿ ಒಂಟಿಯಾಗುವುದಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಲಾಗದೆ ಪರದೇಶದಲ್ಲಿ ಹೆರುವ ಕನ್ನಡತಿಯರಂಥವರಿಗೆ ಈ ಆಸರೆಯ ಬೆಲೆ ಇನ್ನೂ ಹೆಚ್ಚು.

ಮಗು ಹುಟ್ಟಿದ ಮೇಲಿನ ಮೊದಲ ಗಂಟೆಯಲ್ಲಿ ಮಗುವನ್ನು ತಾಯಿಯ ಬರಿಮೈಗೆ ತಾಗಿಸಿ ಮಲಗಿಸುವುದು, ಆ ಗಂಟೆಯೊಳಗೇ ಮೊಲೆ ಹಿಡಿಸುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿಬ್ಬಂದಿ ಮಾಸು ಬೀಳುವುದನ್ನೂ ರಕ್ತಸ್ರಾವವನ್ನೂ ಗಮನಿಸುತ್ತಿರುವಾಗ ಮಗುವಿನ ಬಾಯಿ ಅಗಲವಾಗಿ ತೆರೆದು ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಡೌಲಾ ನೋಡಿಕೊಳ್ಳುತ್ತಾಳೆ. ಮುಂದಿನ ದಿನಗಳಲ್ಲಿ ಮನೆಗೆ ಬಂದು ಹಾಲೂಡಿಕೆ, ನಿದ್ದೆ, ತಾಯಿಯ ಮನಸ್ಥಿತಿಗಳನ್ನು ವಿಚಾರಿಸುತ್ತಾಳೆ. ಬಾಣಂತಿಯ ದುಃಖ ಎರಡು ವಾರ ದಾಟಿದರೂ ತಗ್ಗದಿದ್ದರೆ ವೈದ್ಯರ ಬಳಿ ಕಳುಹಿಸುವುದು ಅವಳ ಹೊಣೆ.

ಪ್ರಯೋಗಗಳು ಹೇಳುವುದೇನು?

ಕ್ಲಾಸ್, ಕೆನೆಲ್ ಮತ್ತು ಸಂಗಡಿಗರು ಗ್ವಾಟೆಮಾಲಾದ ಕಿಕ್ಕಿರಿದ ಆಸ್ಪತ್ರೆಯೊಂದರಲ್ಲಿ ನಡೆಸಿದ ಮೊದಲ ಪ್ರಯೋಗ 1980ರಲ್ಲಿ ಪ್ರಕಟವಾಯಿತು. ಪರಿಚಯವೇ ಇಲ್ಲದ ಸಾಮಾನ್ಯ ಹೆಂಗಸೊಬ್ಬಳು ಜೊತೆಗಿದ್ದ ತಾಯಂದಿರಲ್ಲಿ ದಾಖಲಾತಿಯಿಂದ ಹೆರಿಗೆಯವರೆಗಿನ ಅವಧಿ ಸರಾಸರಿ 8.8 ಗಂಟೆ, ಒಂಟಿಯಾಗಿದ್ದವರಲ್ಲಿ 19.3 ಗಂಟೆ. ಪ್ರಯೋಗ ಚಿಕ್ಕದಾದ್ದರಿಂದ ದೊಡ್ಡ ಅಧ್ಯಯನ ಬೇಕಾಯಿತು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಚೊಚ್ಚಲ ಹೆರಿಗೆಯ 600ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನ 1991ರಲ್ಲಿ ಹೊರಬಂತು. ಡೌಲಾ ಇದ್ದವರಲ್ಲಿ ಶೇ. 8, ಇಲ್ಲದವರಲ್ಲಿ ಶೇ. 18 ಮಂದಿಗೆ ಸಿಸೇರಿಯನ್ ಆಗಿತ್ತು. ಮೂರನೆಯ ಗುಂಪಿನವರ ಕೋಣೆಯಲ್ಲಿ ಒಬ್ಬ ವೀಕ್ಷಕಿ ಮಾತಾಡದೆ, ಮುಟ್ಟದೆ ಬರೆದುಕೊಳ್ಳುತ್ತಾ ಕುಳಿತಿದ್ದಳು. ಅವರಲ್ಲಿ ಸಿಸೇರಿಯನ್ ಪ್ರಮಾಣ ಶೇ. 13. ಸುಮ್ಮನೆ ಒಬ್ಬರು ಕೋಣೆಯಲ್ಲಿರುವುದೂ ಪರಿಣಾಮ ಬೀರುವಂತೆ ಕಂಡಿತು.

ಕಾಕ್ರೇನ್ ಸಂಸ್ಥೆ 2017ರಲ್ಲಿ 17 ದೇಶಗಳ, 15 ಸಾವಿರಕ್ಕೂ ಹೆಚ್ಚು ಮಹಿಳೆಯರ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡಿತು. ಬಿಡದೆ ಜೊತೆ ಸಿಕ್ಕವರಲ್ಲಿ ಸಿಸೇರಿಯನ್ ಸುಮಾರು ಕಾಲು ಭಾಗ ಕಡಿಮೆ, ಹೆರಿಗೆಯ ಅವಧಿ ಸರಾಸರಿ 40 ನಿಮಿಷ ಕಡಿಮೆ, ಹೆರಿಗೆಯ ಬಗ್ಗೆ ಕಹಿ ನೆನಪು ಕಡಿಮೆ. ಹುಟ್ಟಿದ ಐದನೇ ನಿಮಿಷದಲ್ಲಿ ಸೊರಗಿದ ಸ್ಥಿತಿಯಲ್ಲಿದ್ದ ಶಿಶುಗಳೂ ಕಡಿಮೆ. ಹಾನಿಯ ಲಕ್ಷಣ ಕಾಣಲಿಲ್ಲ. ಆಸ್ಪತ್ರೆಗಳ ಪರಿಸ್ಥಿತಿ ಬೇರೆ ಬೇರೆಯಾಗಿದ್ದರಿಂದ ಲಾಭದ ಅಳತೆ ಎಲ್ಲೆಡೆ ಒಂದೇ ಆಗಿರುವುದಿಲ್ಲ ಎಂಬ ಎಚ್ಚರಿಕೆಯೂ ಆ ವಿಮರ್ಶೆಯಲ್ಲಿದೆ. ತಾಯಿ ತಾನು ಆರಿಸಿಕೊಂಡ ಒಬ್ಬರನ್ನು ಜೊತೆಗಿಟ್ಟುಕೊಳ್ಳಲು ಅವಕಾಶವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಶಿಫಾರಸು ಮಾಡಿದೆ.

ಮಿತಿಗಳು

ಡೌಲಾ ಚಿಕಿತ್ಸೆಗೆ ಬದಲಿಯಲ್ಲ. ಮಗುವಿನ ಎದೆಬಡಿತ ಕುಸಿದಾಗ, ತಾಯಿಗೆ ರಕ್ತಸ್ರಾವವಾದಾಗ ಜೀವ ಉಳಿಸುವುದು ವೈದ್ಯಕೀಯ ತಂಡ. ವೈದ್ಯರ ಸಲಹೆ ಮೀರುವಂತೆ ಒತ್ತಾಯಿಸುವವಳು, ಆಸ್ಪತ್ರೆಗೆ ಹೋಗುವುದನ್ನು ತಡೆಯುವವಳು, ಸಹಜ ಹೆರಿಗೆಯನ್ನು ಖಾತರಿಪಡಿಸುವವಳು ಡೌಲಾ ಎನಿಸಿಕೊಳ್ಳಲು ಯೋಗ್ಯಳಲ್ಲ. ಗೊತ್ತುಮಾಡಿಕೊಳ್ಳುವ ಮೊದಲು ಅವಳ ತರಬೇತಿ, ನೋಡಿದ ಹೆರಿಗೆಗಳು, ಅವಳಿಗೆ ಬರಲಾಗದಿದ್ದರೆ ಬದಲಿ ಯಾರು, ಆಸ್ಪತ್ರೆ ಒಳಗೆ ಬಿಡುತ್ತದೆಯೇ ಎಂಬುದನ್ನು ಮನೆಯವರು ವಿಚಾರಿಸಿಕೊಳ್ಳಬೇಕು. ಖರ್ಚೂ ಒಂದು ಮಿತಿ. ಕ್ಯಾಲಿಫೋರ್ನಿಯಾ ರಾಜ್ಯ 2023ರ ಜನವರಿಯಿಂದ ಬಡವರ ಆರೋಗ್ಯ ಯೋಜನೆಯಲ್ಲೇ ಡೌಲಾ ಸೇವೆಯನ್ನು ಸೇರಿಸಿದೆ. ಭಾರತದಲ್ಲಿ ಡೌಲಾಗಳು ಬಹುತೇಕ ಬೆಂಗಳೂರಿನಂಥ ನಗರಗಳ ಖಾಸಗಿ ಆಸ್ಪತ್ರೆಗಳಿಗೇ ಸೀಮಿತ.

ಕರ್ನಾಟಕದಲ್ಲಿ

2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರಕ್ಕೆ ಸುಮಾರು 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಇದು ದೊಡ್ಡ ಸಾಧನೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಸಿಸೇರಿಯನ್ ಪ್ರಮಾಣ ಶೇ. 31ನ್ನು ದಾಟಿದೆ. ಇದಕ್ಕೆ ಕಾರಣಗಳು ಹಲವು, ಡೌಲಾ ಒಬ್ಬಳಿಂದ ಎಲ್ಲ ಸರಿಹೋಗುವುದಿಲ್ಲ. ಆದರೂ ಹೆರಿಗೆ ಕೋಣೆಯ ಒಂಟಿತನ ತಪ್ಪಿಸುವುದು ಅತ್ಯಂತ ಅಗ್ಗದ, ಅಪಾಯವಿಲ್ಲದ ಕ್ರಮ.

ಅದಕ್ಕೆ ನಿಯಮದ ಬೆಂಬಲ ಈಗಾಗಲೇ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ಒಬ್ಬ ಜೊತೆಗಾತಿ ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆಕೆ ಸ್ವತಃ ಹೆತ್ತ ಅನುಭವವಿರುವ ಹತ್ತಿರದ ಹೆಂಗಸಾಗಿರಬೇಕು, ಅಂಟುರೋಗ ಇರಬಾರದು, ಶುಭ್ರ ಬಟ್ಟೆ ಧರಿಸಿರಬೇಕು, ಹೆರಿಗೆ ಮುಗಿಯುವವರೆಗೆ ಉಳಿಯಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡಬರಬಾರದು. ಮರೆ ಇರುವ ಕಡೆ ಗಂಡನಿಗೂ ಅವಕಾಶವಿದೆ. 2017ರ ಕೊನೆಯಲ್ಲಿ ಆರಂಭವಾದ ಲಕ್ಷ್ಯ ಯೋಜನೆ ಇದನ್ನು ಹೆರಿಗೆ ಕೋಣೆಯ ಗುಣಮಟ್ಟದ ಭಾಗವಾಗಿಸಿತು.

ಡೌಲಾಳ ಶುಲ್ಕ ಕೊಡಲಾಗದ ಮನೆಗಳಿಗೆ ಈ ದಾರಿ ತೆರೆದಿದೆ. ಅಮ್ಮ, ಅಕ್ಕ, ಅತ್ತಿಗೆ ಯಾರಾದರೂ ಸರಿ, ಏಳನೇ ತಿಂಗಳಿನಿಂದಲೇ ಉಸಿರಾಟ, ಭಂಗಿ, ಸೊಂಟ ಒತ್ತುವ ಕ್ರಮಗಳನ್ನು ಬಸುರಿಯ ಜೊತೆಗೇ ಕಲಿಯಬಹುದು. ಆಸ್ಪತ್ರೆಗಳು ಹಾಸಿಗೆಗಳ ನಡುವೆ ಒಂದು ಪರದೆ, ಪಕ್ಕದಲ್ಲಿ ಒಂದು ಕುರ್ಚಿ ಒದಗಿಸಿದರೆ ಸಾಕು. ಹೆರಿಗೆಗೆ ಆಸ್ಪತ್ರೆ ಗೊತ್ತುಮಾಡುವಾಗ ಜೊತೆಗೆ ಒಬ್ಬರನ್ನು ಒಳಗೆ ಬಿಡುತ್ತೀರಾ ಎಂದು ಪ್ರತಿ ಕುಟುಂಬವೂ ಕೇಳಬೇಕು. ಹೌದು ಎನ್ನುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಬೇಕು.