ಗೋಡೆಗೆ ಬಿಡುಗಡೆ ಕೊಟ್ಟ ಅಣಬೆ ಕಂಬಗಳು

ನೆದರ್‌ಲ್ಯಾಂಡ್ಸಿನ ರೋಟರ್‌ಡ್ಯಾಮ್ ನಗರದಲ್ಲಿರುವ ವ್ಯಾನ್ ನೆಲ್ಲೆ ಕಾರ್ಖಾನೆಯ ಚಿತ್ರ ನೋಡಿದವರಿಗೆ ಮೊದಲು ಕಾಣುವುದು ಗಾಜು. ಅಂತಸ್ತಿನ ಮೇಲೆ ಅಂತಸ್ತು, ಈ ತುದಿಯಿಂದ ಆ ತುದಿಯವರೆಗೆ ತಡೆಯೇ ಇಲ್ಲದ ಕಿಟಕಿಗಳ ಸಾಲು. 1925ರಿಂದ 1931ರ ನಡುವೆ ಕಟ್ಟಿದ ಈ ಕಟ್ಟಡವನ್ನು ಹೊಗಳುವವರೆಲ್ಲ ಗಾಜನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ಅದರ ನಿಜವಾದ ಸಾಹಸ ಇರುವುದು ಗಾಜಿನ ಹಿಂದೆ ನಿಂತ ಕಾಂಕ್ರೀಟ್ ಕಂಬಗಳ ತಲೆಯಲ್ಲಿ.

ನಾವು ಮನೆ ಕಟ್ಟುವಾಗ ಕಂಬದಿಂದ ಕಂಬಕ್ಕೆ ಬೀಮ್ ಹಾಯಿಸಿ, ಅದರ ಮೇಲೆ ಸ್ಲ್ಯಾಬ್ ಹಾಕುತ್ತೇವೆ. ಭಾರ ಸ್ಲ್ಯಾಬಿನಿಂದ ಬೀಮಿಗೆ, ಬೀಮಿನಿಂದ ಕಂಬಕ್ಕೆ ಇಳಿಯುತ್ತದೆ. ಕಾರ್ಖಾನೆಗೆ ಇದರಿಂದ ತೊಂದರೆ ಉಂಟು. ಹೊರಗೋಡೆಯ ಉದ್ದಕ್ಕೂ ಬೀಮ್ ಇಳಿಬಿದ್ದರೆ ಕಿಟಕಿಯನ್ನು ಛಾವಣಿಯವರೆಗೆ ಎತ್ತರಿಸಲಾಗದು. ಕೋಣೆಯ ಒಳಭಾಗಕ್ಕೆ ಬೆಳಕು ತಲುಪಿಸುವುದು ಕಿಟಕಿಯ ಮೇಲ್ತುದಿಯೇ. ಅದನ್ನು ಮುಚ್ಚಿದರೆ ನಡುವಿನ ಯಂತ್ರಗಳು ಮಬ್ಬಿನಲ್ಲೇ ಉಳಿಯುತ್ತವೆ.

ಹಾಗಾದರೆ ಬೀಮನ್ನೇ ಕೈಬಿಟ್ಟರೆ? ಆಗ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಬಿಗಿಯಾಗಿ ಹಿಡಿದ ಕಾಗದವನ್ನು ಪೆನ್ಸಿಲ್ ತುದಿಯಿಂದ ಒತ್ತಿದರೆ ಅದು ತೂತಾಗುವಂತೆ, ಸ್ಲ್ಯಾಬಿನ ಭಾರವೆಲ್ಲ ಕಂಬದ ಕಿರಿದಾದ ತುದಿಯಲ್ಲಿ ಸೇರಿದಾಗ ಕಂಬ ಸ್ಲ್ಯಾಬನ್ನೇ ತೂರಿಕೊಂಡು ಹೋಗಬಹುದು. ಇದಕ್ಕೆ ಪರಿಹಾರ ಕಂಬದ ತಲೆಯನ್ನು ಅಗಲ ಮಾಡುವುದು. ತಲೆಯ ಅಗಲ ಎರಡು ಪಟ್ಟಾದರೆ ಸುತ್ತಳತೆಯೂ ಎರಡು ಪಟ್ಟಾಗುತ್ತದೆ. ಅದೇ ಭಾರ ಈಗ ಎರಡರಷ್ಟು ಉದ್ದದ ಅಂಚಿಗೆ ಹಂಚಿಹೋಗುತ್ತದೆ. ಎರಡು ಕಂಬಗಳ ನಡುವಿನ ಅಂತರವೂ ಒಂದಿಷ್ಟು ತಗ್ಗಿ ಸ್ಲ್ಯಾಬ್ ಬಾಗುವುದು ಕಡಿಮೆಯಾಗುತ್ತದೆ. ಮೇಲೆ ಅರಳಿದ ಇಂಥ ಕಂಬಗಳಿಗೆ ಅಣಬೆ ಕಂಬ ಎಂಬ ಹೆಸರೇ ನಿಂತಿದೆ.

ತಲೆ ಅಗಲವಾದರೆ ಸಾಲದು, ಒಳಗಿನ ಕಬ್ಬಿಣವೂ ಸರಿಯಾದ ಜಾಗದಲ್ಲಿರಬೇಕು. ಕಾಂಕ್ರೀಟ್ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತಕ್ಕೆ ಬೇಗ ಬಿರುಕು ಬಿಡುತ್ತದೆ. ಕಂಬಗಳ ನಡುವೆ ಸ್ಲ್ಯಾಬ್ ಕೆಳಕ್ಕೆ ಬಾಗುವಾಗ ಎಳೆತ ಅದರ ಕೆಳಮೈಯಲ್ಲಿ. ಕಂಬದ ನೆತ್ತಿಯ ಮೇಲೆ ಎಳೆತ ಮೇಲ್ಮೈಯಲ್ಲಿ. ಸರಳುಗಳು ಆಯಾ ಜಾಗಕ್ಕೆ ತಕ್ಕಂತೆ ಕೆಳಗೋ ಮೇಲೋ ಇದ್ದರೆ ಮಾತ್ರ ಈ ಏರ್ಪಾಡು ನಿಲ್ಲುತ್ತದೆ. ಅಮೆರಿಕದಲ್ಲಿ ಟರ್ನರ್, ಸ್ವಿಟ್ಜರ್ಲೆಂಡಿನಲ್ಲಿ ರಾಬರ್ಟ್ ಮೈಯಾರ್ ಈ ವಿಧಾನವನ್ನು 20ನೆಯ ಶತಮಾನದ ಮೊದಲ ದಶಕದಲ್ಲೇ ರೂಢಿಸಿಕೊಂಡಿದ್ದರು. ವ್ಯಾನ್ ನೆಲ್ಲೆಯಲ್ಲಿ ಅದನ್ನು ಅಳವಡಿಸಿದ ಇಂಜಿನಿಯರ್ ಯಾನ್ ವೀಬೆಂಗಾ.

ವಾಸ್ತುಶಿಲ್ಪಿಗಳಾದ ಬ್ರಿಂಕ್‌ಮನ್ ಮತ್ತು ವ್ಯಾನ್ ಡೆರ್ ಫ್ಲುಖ್ಟ್ ಇದರ ಲಾಭವನ್ನು ಪೂರ್ತಿ ಪಡೆದರು. ಭಾರವೆಲ್ಲ ಒಳಗಿನ ಕಂಬಗಳಿಗೆ ಇಳಿದ ಮೇಲೆ ಹೊರಗೋಡೆ ಹೊರಬೇಕಾದ್ದು ತನ್ನ ತೂಕವನ್ನಷ್ಟೇ. ಆದ್ದರಿಂದ ಉಕ್ಕಿನ ತೆಳು ಚೌಕಟ್ಟು, ಗಾಜು, ಅಷ್ಟೇ ಸಾಕಾಯಿತು. ಕಾಫಿ, ಚಹಾ, ಹೊಗೆಸೊಪ್ಪುಗಳನ್ನು ಹದಮಾಡಿ ಪ್ಯಾಕ್ ಮಾಡುತ್ತಿದ್ದ ಕಾರ್ಖಾನೆ ಇದು. ಹೊಗೆಸೊಪ್ಪಿನ ಭಾಗಕ್ಕೆ 8 ಅಂತಸ್ತು, ಚಹಾಕ್ಕೆ 3. ಪ್ರತಿಯೊಂದರ ಎತ್ತರ ಅದರ ಕೆಲಸದ ಹಂತಗಳಿಗೆ ತಕ್ಕಷ್ಟು. ಕಚ್ಚಾ ಮಾಲು ಮೊದಲು ಮೇಲಕ್ಕೇರಿ, ಒಂದೊಂದೇ ಹಂತ ಮುಗಿಸುತ್ತ ಕೆಳಗಿಳಿಯುತ್ತಿತ್ತು. ಸಿದ್ಧವಾದ ಸರಕು ಓರೆಯಾಗಿ ತೂಗುವ ಗಾಜಿನ ಸೇತುವೆಗಳಲ್ಲಿ ಸಾಗಿ ಸ್ಖೀ ಕಾಲುವೆ ದಂಡೆಯ ಗೋದಾಮು ಸೇರುತ್ತಿತ್ತು. ದುಡಿಯುವವರಿಗೆ ಹಗಲ ಬೆಳಕೂ ಗಾಳಿಯೂ ಸಿಗಲೇಬೇಕೆಂಬುದು ಸಂಸ್ಥೆಯ ಪಾಲುದಾರ ಕೇಸ್ ವ್ಯಾನ್ ಡೆರ್ ಲೇವ್ ಅವರ ಹಟವಾಗಿತ್ತು. ಇಡೀ ಕಟ್ಟಡದಲ್ಲಿ ನಾನು ಹೆಚ್ಚು ಗೌರವಿಸುವುದು ಈ ಹಟವನ್ನೇ.

1990ರ ದಶಕದಲ್ಲಿ ಉತ್ಪಾದನೆ ನಿಂತು, ಕಟ್ಟಡವನ್ನು ಕಚೇರಿಗಳಾಗಿ ಮಾಡುವಾಗ ಗಾಜೇ ಸಮಸ್ಯೆಯಾಯಿತು. ಒಂದೇ ಪದರದ ಗಾಜು ಚಳಿಗಾಲದಲ್ಲಿ ಶಾಖವನ್ನು ಹೊರಗೆ ಬಿಡುತ್ತದೆ, ಬೇಸಿಗೆಯಲ್ಲಿ ಬಿಸಿಲನ್ನು ಒಳಗೆ ಬಿಡುತ್ತದೆ. ಎರಡು ಪದರದ ಗಾಜು ಹಾಕೋಣವೆಂದರೆ ಚೌಕಟ್ಟು ದಪ್ಪವಾಗಬೇಕು; ಆ ತೆಳುಗೆರೆಗಳೇ ಮಾಯವಾಗುತ್ತವೆ. ಪುನರುಜ್ಜೀವನದ ಹೊಣೆ ಹೊತ್ತ ವೆಸೆಲ್ ಡೆ ಯೋಂಗ್ ಹಳೆಯ ಗಾಜನ್ನು ಹಾಗೆಯೇ ಉಳಿಸಿ, ಅದರಿಂದ ಒಳಕ್ಕೆ ಸರಿಸಿ ಇನ್ನೊಂದು ಗಾಜಿನ ಗೋಡೆ ನಿಲ್ಲಿಸಿದರು. ನಡುವಿನ ಗಾಳಿಯ ಓಣಿ ಹೊರಗಿನ ಚಳಿ, ಬಿಸಿಲು, ಸದ್ದುಗಳ ಬಿರುಸನ್ನು ತಗ್ಗಿಸುತ್ತದೆ. ಒಳಗಿನ ಗೋಡೆಯನ್ನು ಬೇಕಾದ ಕಡೆ ನಿಲ್ಲಿಸಲು ಸಾಧ್ಯವಾದದ್ದೂ ಭಾರ ಹೊರುವ ಕೆಲಸ ಕಂಬಗಳಿಗೆ ಬಿಟ್ಟದ್ದರಿಂದಲೇ. 2014ರಲ್ಲಿ ಯುನೆಸ್ಕೊ ಈ ಕಾರ್ಖಾನೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.