ಮದುವೆಯ ವೀಡಿಯೋವೂ ಮೂಲಪ್ರತಿಯ ರಕ್ಷಣೆಯೂ

ನಮ್ಮ ದಾಬಸ್‌ಪೇಟೆಯಂತಹ ಊರುಗಳಲ್ಲಿಯೂ ಈಗ ವೀಡಿಯೋ ಇಲ್ಲದೆ ಮದುವೆ ಮುಂಜಿಗಳು ನಡೆಯುವುದು ಅಪೂರ್ವ. ತೆಗೆದ ಚಿತ್ರವನ್ನು ಸ್ಟೂಡಿಯೋದವರು ಕತ್ತರಿಸಿ ಜೋಡಿಸಿ ಕೊಡುತ್ತಾರೆ. ವರ್ಷ ಕಳೆದಮೇಲೆ ಮನೆಯ ಹುಡುಗರು ಅದಕ್ಕೊಂದು ಹಾಡನ್ನು ಸೇರಿಸುತ್ತಾರೆ. ಹಾಗೆ ಸೇರಿಸಿದ್ದರಿಂದಲೇ ಮತ್ತೊಂದು ವರ್ಷ ಚಿಕ್ಕದೊಂದನ್ನು ಮಾಡಿ ವಾಟ್ಸಾಪಿನಲ್ಲಿ ಬಂಧುಗಳಿಗೆ ಕಳುಹಿಸುತ್ತಾರೆ. ಅಷ್ಟರಲ್ಲಿ ಅಕ್ಷತೆ ಹಾಕುತ್ತಿರುವ ಅಜ್ಜಿಯ ಮುಖವು ಮೇಣದ ಗೊಂಬೆಯಂತಾಗಿ, ಸೀರೆಯ ಜರಿಯು ಚೌಕಚೌಕವಾದ ಕಲೆಗಳಾಗಿ ಕಾಣತೊಡಗುತ್ತದೆ. ಅಜ್ಜಿಯು ಗತಿಸಿದ್ದರೆ ಮತ್ತೊಮ್ಮೆ ಚಿತ್ರ ತೆಗೆಯುವ ಉಪಾಯವುಂಟೆ?

ಈ ಕ್ಷಯಕ್ಕೆ ಕಾರಣವನ್ನು ವಾಚಕರು ತಿಳಿಯತಕ್ಕದ್ದು. ವೀಡಿಯೋದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 25 ಚಿತ್ರಗಳಿರುತ್ತವೆ. ಒಂದೊಂದು ಚಿತ್ರದಲ್ಲಿಯೂ ಅಡ್ಡಲಾಗಿ 1920, ಉದ್ದಕ್ಕೆ 1080, ಅಂತು 20 ಲಕ್ಷಕ್ಕೆ ಮಿಕ್ಕ ಬಿಂದುಗಳು. ಬಿಂದುವಿಗೆ 3 ಬೈಟಿನಂತೆ ಎಲ್ಲವನ್ನೂ ಇದ್ದಂತೆಯೇ ಬರೆದಿಡುವುದಾದರೆ ಒಂದು ಗಂಟೆಗೆ ಸುಮಾರು 560 ಗಿಗಾಬೈಟ್ ಸ್ಥಳ ಬೇಕಾಗುವುದು. ಆದುದರಿಂದ ಕ್ಯಾಮೆರವೇ ಚಿತ್ರವನ್ನು ಅಡಕಮಾಡಿ ಇಡುತ್ತದೆ.

ಈ ಅಡಕಕ್ಕೆ ಆಧಾರವಾದ ಗಣಿತವು ನಮ್ಮವರೊಬ್ಬರ ಬುದ್ಧಿಯಿಂದ ಹುಟ್ಟಿತೆಂಬುದು ಸಂತೋಷದ ಸಂಗತಿ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಅಲ್ಲಿಯೇ ಇಂಜಿನಿಯರಿಂಗ್ ಓದಿ ಅಮೆರಿಕೆಗೆ ತೆರಳಿದ ನಾಸಿರ್ ಅಹ್ಮದರು, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಎಂಬವರೊಡನೆ 1974ರಲ್ಲಿ ಅದನ್ನು ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರಂ ಎಂದು ಅದರ ಹೆಸರು. ಚಿತ್ರವನ್ನು ಸಣ್ಣ ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕವನ್ನೂ ಸ್ಥೂಲಸೂಕ್ಷ್ಮ ತರಂಗಗಳ ಮೊತ್ತವೆಂದು ಲೆಕ್ಕಹಾಕುವುದು ಅದರ ಕ್ರಮ. ಸೂಕ್ಷ್ಮತರಂಗಗಳನ್ನು ಕಣ್ಣು ಅಷ್ಟಾಗಿ ಗ್ರಹಿಸದು; ಆದಕಾರಣ ಅವುಗಳ ಅಂಕಿಗಳನ್ನು ಒರಟಾಗಿ ಹೊಂದಿಸಿಯೋ ಪೂರ್ತಿಯಾಗಿ ಬಿಟ್ಟೋ ಸ್ಥಳವನ್ನು ಉಳಿಸುತ್ತಾರೆ. ನಷ್ಟವೆಲ್ಲವೂ ಈ ಹೊಂದಿಸುವಿಕೆಯಲ್ಲಿಯೇ ಹೊರತು ಗಣಿತದಲ್ಲಿಲ್ಲ, ಅಹ್ಮದರನ್ನು ದೂಷಿಸಬೇಕಾಗಿಲ್ಲ.

ರೆಂಡರ್ ಮಾಡುವುದೆಂದರೆ ಅಡಕವನ್ನು ಬಿಚ್ಚಿ, ತಿದ್ದಿ, ಪುನಃ ಅಡಕಮಾಡುವುದು. ಓಲೆಗರಿಯ ಗ್ರಂಥವನ್ನು ಪ್ರತಿಮಾಡುವ ಲಿಪಿಕಾರನು ಹಿಂದಿನವನ ತಪ್ಪುಗಳ ಮೇಲೆ ತನ್ನವನ್ನೂ ಸೇರಿಸುವಂತೆ, ಪ್ರತಿಯೊಂದು ರೆಂಡರೂ ಹಳೆಯ ನಷ್ಟದ ಮೇಲೆ ಹೊಸ ನಷ್ಟವನ್ನು ಕೂಡಿಸುತ್ತದೆ. ಒಮ್ಮೆ ಬಿಟ್ಟುಹೋದುದು ಮರಳಿ ಬಾರದು. ನಮ್ಮ ಶಿವಗಂಗೆಯ ಗಂಗಾಧರೇಶ್ವರನಿಗೆ ಅಭಿಷೇಕಮಾಡಿದ ತುಪ್ಪವು ಬೆಣ್ಣೆಯಾಗುವುದೆಂದು ಭಕ್ತರು ಹೇಳುತ್ತಾರೆ. ಕಂಪ್ಯೂಟರಿನಲ್ಲಿ ಅಂತಹ ಮಹಿಮೆಯಿಲ್ಲ. ಸವೆದ ವೀಡಿಯೋವನ್ನು ದೊಡ್ಡ ಗಾತ್ರದಲ್ಲಿ ರೆಂಡರ್ ಮಾಡಿದರೆ ಸ್ಥಳ ಹೆಚ್ಚು ಹಿಡಿಯುವುದೇ ಹೊರತು ಅಜ್ಜಿಯ ಮುಖದ ಗೆರೆಗಳು ಮೂಡವು.

ಇಲ್ಲೊಂದು ಭ್ರಾಂತಿಯನ್ನು ನಿವಾರಿಸಬೇಕು. ಕಡತವನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನೂರು ಸಲ ನಕಲು ಮಾಡಿದರೂ ಏನೂ ಕೆಡುವುದಿಲ್ಲ, ಅಂಕಿಗಳು ಹಾಗೆಯೇ ಹೋಗುತ್ತವೆ. ಕೆಡಿಸುವುದು ರೆಂಡರ್ ಮಾತ್ರ.

ಆದುದರಿಂದ ಎಷ್ಟು ಸಲ ತಿದ್ದಿದರೂ ಕ್ಯಾಮೆರದ ಮೂಲಕಡತದಿಂದಲೇ ತಿದ್ದತಕ್ಕದ್ದು. ತಿದ್ದುಪಡಿಗಳ ವಿವರವಿರುವ ಪ್ರಾಜೆಕ್ಟ್ ಕಡತವನ್ನು ಜೋಪಾನವಾಗಿಟ್ಟರೆ, ಮುಂದೆ ಹಾಡನ್ನು ಬದಲಿಸಬೇಕಾದಾಗಲೂ ಮೂಲದಿಂದ ಒಂದೇ ರೆಂಡರು ಸಾಕು. ಕೆಲಸವು ಹಲವರ ಕೈ ದಾಟುವುದಾದರೆ ನಡುವಣ ಪ್ರತಿಗಳನ್ನು ಎಫ್‌ಎಫ್‌ವಿ1 ಎಂಬ ನಷ್ಟವಿಲ್ಲದ ವಿಧಾನದಲ್ಲಿಯೋ, ಅತ್ಯಲ್ಪ ನಷ್ಟದ ಪ್ರೋರೆಸ್‌ನಲ್ಲಿಯೋ ಇಡಬಹುದು. ಗಾತ್ರ ಬಹಳವಾದರೂ ಕೆಲಸ ಮುಗಿದಮೇಲೆ ಅಳಿಸಬಹುದು. ಆದ್ಯಂತಗಳನ್ನು ಮಾತ್ರ ಕತ್ತರಿಸಲು ರೆಂಡರಿನ ಅಗತ್ಯವೇ ಇಲ್ಲ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನವು ಅಡಕವನ್ನು ಬಿಚ್ಚದೆಯೇ ಕತ್ತರಿಸಬಲ್ಲದು, ಕತ್ತರಿ ಒಂದೆರಡು ಸೆಕೆಂಡು ಆಚೀಚೆ ಬಿದ್ದೀತು, ಅಷ್ಟೆ. ವಾಟ್ಸಾಪಿನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಕಡತವು ಇದ್ದಂತೆಯೇ ತಲುಪುತ್ತದೆ.

ಸ್ಟೂಡಿಯೋದವರು ಮೂಲಕಡತಗಳನ್ನು ಬಹುಕಾಲ ಇಟ್ಟುಕೊಳ್ಳರು. ಅವರಿಗೂ ಸ್ಥಳ ಬೇಕಷ್ಟೆ. ಆದಕಾರಣ ಬಾಕಿ ಹಣವನ್ನು ಕೊಡುವಾಗಲೇ ಅವುಗಳನ್ನು ಕೇಳಿ ಪಡೆದು, ಎರಡು ಡಿಸ್ಕುಗಳಲ್ಲಿ ತುಂಬಿಸಿ, ಒಂದನ್ನು ಮಗಳ ಮನೆಯಲ್ಲಿಡುವುದು ಲೇಸು.